ಆಚೆಮನೆ ಮಾಮ ಬಿಟ್ಟುಹೋದ ದನಿಗಳು

ಉಪ್ಪುಗಾಳಿಗೆ ತುಕ್ಕು ಹಿಡಿದ ತಗಡು, ಅದರೊಳಗೆ ವರ್ಷಗಟ್ಟಲೆ ಕೂತ ಧೂಳು... ಇವೆರಡೂ ಒಟ್ಟಿಗೆ ಕಾದರೆ ಒಂದು ವಾಸನೆ ಬರುತ್ತದೆ. ಒಣಮೀನು ಸುಡುವ ವಾಸನೆಗೆ ಹತ್ತಿರದ್ದು. ಹೋದ ತಿಂಗಳು ನನ್ನ ಹಳೆಯ ಕಂಪ್ಯೂಟರನ್ನು ಅಟ್ಟದಿಂದ ಇಳಿಸಿದೆ. ಗುಜರಿಯವನಿಗೆ ಕೊಡುವ ಮೊದಲು ಅದರಲ್ಲಿದ್ದ ಫೋಟೋಗಳನ್ನಾದರೂ ತೆಗೆದುಕೊಳ್ಳೋಣವೆಂದು ಕಾರವಾರದ ಒಂದು ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯವನು ಒಳಗೆ ಕರೆಂಟು ಹಂಚುವ ಡಬ್ಬಿಯೊಂದನ್ನು ಬದಲಿಸಿ, "ಓಡ್ತದೆ ಅಕ್ಕಾ, ಆದ್ರೆ ಎಷ್ಟು ದಿವ್ಸ ಅಂತ ಹೇಳೂಕಾಗೂದಿಲ್ಲ" ಎಂದು ವಾಪಸು ಕೊಟ್ಟ. ಬಿಣಗಾದ ಮನೆಗೆ ತಂದು ಮೇಜಿನ ಮೇಲಿಟ್ಟು ಗುಂಡಿ ಒತ್ತಿದೆ. ಫ್ಯಾನು ಗರಗರ ಎಂದಿತು. ಆ ವಾಸನೆ ಕೋಣೆಯೆಲ್ಲ ತುಂಬಿತು. ನಾನು ಫೋಟೋ ಹುಡುಕುತ್ತ ಕೂತೆ.

ಗಂಟೆಯೊಂದು ಕಳೆದಿರಬೇಕು, ನನ್ನ ಹೆತ್ತ ಆಯಿ ಕರೆದಳು.

"ಸಾಕು ಮಾಡೇ, ಏಳು! ಗಂಜಿ ಆರ್ತದೆ!"

"ಬಂದೆ" ಎಂದೆ. ಬಾಯಿಂದ ತಾನಾಗಿಯೇ ಬಂದುಬಿಟ್ಟಿತು. ಎದ್ದು ಅಡುಗೆಮನೆಯ ಬಾಗಿಲವರೆಗೂ ಹೋದೆ. ಅಲ್ಲಿ ಹೋಗಿ ನಿಂತ ಮೇಲೆಯೇ ಆಯಿ ತೀರಿಕೊಂಡು ಏಳೆಂಟು ವರ್ಷವಾಯಿತು ಎಂಬುದು ನೆನಪಾದದ್ದು. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತೆ. ಇದು ಆಚೆಮನೆ ಮಾಮನ ಕೆಲಸ ಎಂದು ಆಮೇಲೆ ಹೊಳೆಯಿತು.

ಮಾಮ ಎಂದರೆ ನೆಂಟರಲ್ಲ. ನಮ್ಮದೂ ಅವರದೂ ಒಂದೇ ಗೋಡೆ, ಅಷ್ಟೇ. ಹೆದ್ದಾರಿಯ ಪಕ್ಕದ ಸಾಲುಮನೆಗಳಲ್ಲಿ ಅವರದು ಕೊನೆಯದು, ನಮ್ಮದು ಅದರ ಪಕ್ಕದ್ದು. ನನ್ನ ಅಪ್ಪನೂ ಅವರೂ ಒಂದೇ ಕಾರ್ಖಾನೆಯಲ್ಲಿ ದುಡಿದವರು. ಮಾಮ ಕಂಟ್ರೋಲ್ ರೂಮಿನಲ್ಲಿ ಇದ್ದವರು. ಮುಳ್ಳು ತಿರುಗುವ ಗಡಿಯಾರದಂಥ ಮೀಟರುಗಳನ್ನು ಪಾಳಿ ಪೂರ್ತಿ ನೋಡುತ್ತ ಕೂರುವ ಕೆಲಸ. ನಿವೃತ್ತಿ ಹೊತ್ತಿಗೆ ಕಣ್ಣು ಸದಾ ಉರಿಯುತ್ತಿತ್ತು, ಮಾತು ಬಹಳ ಸಣ್ಣದಾಗಿತ್ತು. ಪಕ್ಕದಲ್ಲಿ ಕೂತರೂ ಕಿವಿಗೊಟ್ಟು ಕೇಳಬೇಕು. ಅಂಥವರಿಗೆ ನಿವೃತ್ತಿಯ ಮೇಲೆ ಒಂದು ಹುಚ್ಚು ಹತ್ತಿತು. ಕಾರವಾರ, ಅಂಕೋಲೆ, ಭಾವಿಕೇರಿ ಎಂದು ಸ್ಕೂಟರಿನಲ್ಲಿ ತಿರುಗಿ, ಕಂಪ್ಯೂಟರು ತಂದಿಟ್ಟುಕೊಂಡು ಏನು ಮಾಡಬೇಕೆಂದು ತಿಳಿಯದೆ ಕೂತ ಜನರಿಗೆ ಪುಕ್ಕಟೆ ಸಿಗುವ ತಂತ್ರಾಂಶ ಹಾಕಿಕೊಡುವ ಹುಚ್ಚು.

ಹಾಕಿಕೊಡುವುದು ಎಂದರೂ ತಪ್ಪು. ಅವರು ಯಾರ ಮೌಸನ್ನೂ ಮುಟ್ಟುತ್ತಿರಲಿಲ್ಲ. ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡು ಕುರ್ಚಿಯ ಹಿಂದೆ ನಿಂತುಬಿಡುತ್ತಿದ್ದರು. ಒತ್ತುವುದು, ಓದುವುದು, ತಪ್ಪುವುದು ಎಲ್ಲ ಮನೆಯವರದೇ. ನಾನು ಮನೆಯಲ್ಲೇ ಕೂತು ಮದುವೆ ಕರೆಯೋಲೆ, ಕೋರ್ಟಿನ ಅರ್ಜಿ ಟೈಪು ಮಾಡಿಕೊಡುವ ಕೆಲಸ ಹಿಡಿದ ಹೊಸತರಲ್ಲಿ ಅವರ ಮೊದಲ ಶಿಷ್ಯೆಯಾದೆ. ನನ್ನ ಕಂಪ್ಯೂಟರಿನಲ್ಲಿ ಯಾರೋ ಕದ್ದು ಹಾಕಿಕೊಟ್ಟ ತಂತ್ರಾಂಶ ಇತ್ತು, ಅದರ ಜೊತೆಗೇ ವೈರಸ್ಸೂ ಬಂದಿತ್ತು. ಪೆನ್‌ಡ್ರೈವ್ ಹಾಕಿದರೆ ಗಿರಾಕಿಗಳ ಕಡತವೆಲ್ಲ ಮಾಯ. ಬೈಸಿಕೊಂಡು ಬೈಸಿಕೊಂಡು ನನಗೆ ಸಾಕಾಗಿತ್ತು. ಆ ಕದ್ದ ಮಾಲನ್ನೆಲ್ಲ ತೆಗೆಸಿ, ಬರೆಯುವುದಕ್ಕೆ ಒಂದು, ಲೆಕ್ಕಕ್ಕೆ ಒಂದು, ಚಿತ್ರ ತಿದ್ದುವುದಕ್ಕೆ ಒಂದು ಎಂದು ಇಂಟರ್ನೆಟ್ಟಿನಿಂದ ನನ್ನ ಕೈಯಲ್ಲೇ ಇಳಿಸಿದರು. ಇಳಿಸುವ ಪುಟ ತೆಗೆದರೆ ದೊಡ್ಡ ದೊಡ್ಡ ಹಸಿರು ಗುಂಡಿಗಳು. ಯಾವುದನ್ನು ಒತ್ತಿದರೂ ಇನ್ನೇನೋ ಬಂದು ಕೂರುತ್ತಿತ್ತು.

"ಮೀನು ಪೇಟೇಲಿ ಕೂಗಿ ಕರೆಯೋಳ ಬುಟ್ಟಿ ಮೊದ್ಲು ನೋಡ್ತೀಯೇನೇ ತಂಗಿ? ಇಲ್ಲಲ. ಇಲ್ಲೂ ಹಾಂಗೇ" ಎಂದರು ಹಿಂದಿನಿಂದ. "ಈ ಹಸಿರು ಗುಂಡಿ ಎಲ್ಲ ಕೂಗೂದು. ನಮ್ಗೆ ಬೇಕಾದ್ದು ಎಲ್ಲೋ ಮೂಲೇಲಿ ಸಣ್ಣ ಅಕ್ಷರದಲ್ಲಿ ಸುಮ್ನೆ ಕೂತಿರ್ತದೆ. ಹುಡ್ಕು."

ಹುಡುಕಿದೆ. ಮೂಲೆಯಲ್ಲೇ ಇತ್ತು.

ನಮ್ಮ ಅಪ್ಪನಿಗೆ ಇದೆಲ್ಲ ಸುತರಾಂ ಹಿಡಿಸಲಿಲ್ಲ. ಪುಕ್ಕಟೆ ಕೊಡುತ್ತಾರೆಂದರೆ ಒಳಗೆ ಏನೋ ಮಸಲತ್ತು ಇರಲೇಬೇಕು ಎಂದು ಜಗುಲಿಯಲ್ಲಿ ಕೂತು ಗೊಣಗುತ್ತಿದ್ದ. ಮಾಮ ವಾದ ಮಾಡುವವರಲ್ಲ. "ಯಾರೋ ಬರೆದ್ರು, ಇನ್ಯಾರೋ ತಿದ್ದಿದ್ರು. ಒಳಗೆ ಎಂತ ಅದೆ ಅಂತ ಬೇಕಾದೋರು ಬಿಚ್ಚಿ ನೋಡ್ಬಹುದು. ನಿಮ್ಮನೆ ಬಾವೀಲಿ ನಮ್ಮವ್ಳು ನೀರು ಸೇದ್ಕಂಡು ಹೋಗ್ತಾಳಲ, ನೀವು ಎಂತಾದ್ರೂ ಕೇಳ್ತ್ರಾ?" ಎಂದರು. ಅಪ್ಪ ಬಾವಿಯ ಕಡೆ ನೋಡಿದ. ಆದರೆ ಮಾಮ ಎಲ್ಲ ಪುಕ್ಕಟೆಯನ್ನೂ ನಂಬುವವರೂ ಅಲ್ಲ. ಒಂದು ತಿಂಗಳು ಪುಕ್ಕಟೆ ಎಂದು ಒಳಗೆ ಬಂದು ಆಮೇಲೆ ಕುತ್ತಿಗೆ ಹಿಡಿಯುವಂಥವೂ ಇರುತ್ತವೆ ಎಂದು ಹೇಳಿ, ಅವನ್ನು ಗುರುತಿಸುವುದನ್ನೂ ಕಲಿಸಿದರು. ಇನ್ನೊಂದು ಪಾಠವನ್ನು ನೂರು ಸಲ ಹೇಳಿದ್ದಾರೆ. ಮೂಲಕ್ಕೆ ಯಾವತ್ತೂ ಕತ್ತರಿ ಹಾಕುವುದಲ್ಲ. ಮೊದಲು ಒಂದು ಪ್ರತಿ ಬೇರೆ ಕಡೆ ಇಡು, ಆಮೇಲೆ ಬೇಕಾದ್ದು ಮಾಡು... ನಾನು ಹೂಂ ಹೂಂ ಎನ್ನುತ್ತಿದ್ದೆ. ಮಾಡುತ್ತಲೂ ಇದ್ದೆ. ದಿನಾ ಮಾಡುವ ಕೆಲಸ ಮಾಡಿದ ನೆನಪು ಉಳಿಯುವುದಿಲ್ಲ ನೋಡಿ.

ಅವರಿಗೆ ದನಿಯ ಹುಚ್ಚು ಹೇಗೆ ಹತ್ತಿತೆಂದು ಅವರೇ ಒಮ್ಮೆ ಹೇಳಿದ್ದರು. ಅಂಕೋಲೆಯ ಒಂದು ಮನೆಯಲ್ಲಿ ಮಗಳ ಮದುವೆಯ ಸೀಡಿ ಓಡುತ್ತಿರಲಿಲ್ಲ. ಹಾಳಾಯಿತು ಎಂದು ಕೈಬಿಟ್ಟಿದ್ದರು. ಮಾಮ ಎಂಥ ವೀಡಿಯೋವನ್ನಾದರೂ ಓಡಿಸುವ ಒಂದು ತಂತ್ರಾಂಶವನ್ನು ಮನೆಯವರ ಕೈಯಲ್ಲೇ ಇಳಿಸಿದರು. ಸೀಡಿ ಓಡಿತು. ಮಂಟಪ, ಬಾಜಂತ್ರಿ, ಅದರ ನಡುವೆ ಆ ಮನೆಯ ಅಜ್ಜಿ ಕ್ಯಾಮೆರಾ ಕಡೆಗೇ ನೋಡಿ, "ಉಂಡ್ರಾ?" ಎಂದು ಕೇಳಿದಳು. ಅಜ್ಜಿ ಅಷ್ಟೊತ್ತಿಗೆ ಇರಲಿಲ್ಲ. ಮನೆಯವರಲ್ಲಿ ಒಬ್ಬರು ಪರದೆಗೆ "ಉಂಡೆವು" ಎಂದು ಉತ್ತರ ಕೊಟ್ಟರಂತೆ. ಮಾಮ ಮೆಲ್ಲಗೆ ಎದ್ದು ಸ್ಕೂಟರಿನ ಹತ್ತಿರ ಬಂದು ನಿಂತರಂತೆ.

ಅಂದಿನಿಂದ ಅವರ ಕೆಲಸದ ಕೊನೆಗೆ ಒಂದು ಹೊಸ ರೂಢಿ ಸೇರಿತು. ಕಣ್ಣಿಗೆ ಬಿಡುವು ಕೊಡಿ ಎಂದು ಗಂಟೆಗೊಮ್ಮೆ ನೆನಪಿಸುವ ಒಂದು ಪುಟ್ಟ ತಂತ್ರಾಂಶ ಇತ್ತು. ಅದನ್ನು ಎಲ್ಲರ ಮನೆಯಲ್ಲೂ ಹಾಕಿಸುತ್ತಿದ್ದರು, ತಮ್ಮ ಕಣ್ಣಿನ ಗತಿ ಬೇರೆಯವರಿಗೆ ಬೇಡ ಎಂದು. ಅದು ಬರೀ ಗಂಟೆ ಬಾರಿಸುತ್ತಿತ್ತು. ಗಂಟೆಯನ್ನು ಯಾರು ಕೇಳುತ್ತಾರೆ? ಹಾಗಾಗಿ ಅದಕ್ಕೆ ಮನೆಯ ಹಿರಿಯರ ದನಿ ತುಂಬಿಸುವ ಉಪಾಯ ಮಾಡಿದರು. ಕೂಲಿಯೆಂದು ಬೇರೆ ಏನು ಕೊಟ್ಟರೂ ಮುಟ್ಟುತ್ತಿರಲಿಲ್ಲ. "ಮನೇಲಿ ಹಿರಿಯೋರು ಯಾರು? ಅವ್ರ ಎರಡು ಮಾತು ಕೊಡಿ ಸಾಕು" ಎನ್ನುತ್ತಿದ್ದರು. ಜನ ನಗುತ್ತಿದ್ದರು, ಆದರೆ ಕೊಡುತ್ತಿದ್ದರು.

ಮೊದಲ ದನಿ ತುಂಬಿಸಿದ್ದು ನಮ್ಮ ಮನೆಯಲ್ಲಿ. ಬೇರೆ ಮನೆಗಳಿಗೆ ಅವರು ತಮ್ಮ ಲ್ಯಾಪ್‌ಟಾಪಿನಲ್ಲೇ ಮಾತು ಹಿಡಿದು, ತಿದ್ದಿ, ಸಿದ್ಧವಾದದ್ದನ್ನು ಮಾತ್ರ ಕೊಡುತ್ತಿದ್ದರು. ನನಗೆ ಕಲಿಸಬೇಕಾಗಿತ್ತಲ್ಲ, ಅದಕ್ಕೆ ದನಿ ಹಿಡಿದು ತಿದ್ದುವ ತಂತ್ರಾಂಶವನ್ನೂ ನನ್ನ ಯಂತ್ರದಲ್ಲೇ ಹಾಕಿಸಿದ್ದರು. ಆಯಿಯನ್ನು ಕರೆದು ಕೂರಿಸಿ ಮೈಕ್ ಮುಂದೆ ಇಟ್ಟರು. ಆಯಿ ಭಾವಿಕೇರಿಯ ಹೆಣ್ಣು. ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಈ ಒಡ್ಡಿನಿಂದ ಆ ಒಡ್ಡಿಗೆ ಕೂಗಿ ಬೆಳೆದವಳು. ಕಂಪ್ಯೂಟರಿನೊಳಗಿಂದ ಮಗಳನ್ನು ಕರೆಯಬೇಕು ಎಂದದ್ದೇ ತಡ, ಕುರ್ಚಿ ಬಿಟ್ಟು ಎದ್ದು, ಬಾಗಿಲ ಹತ್ತಿರ ಹೋಗಿ ನಿಂತು, ಕೈ ಬಾಯಿಗೆ ಅಡ್ಡ ಹಿಡಿದು ಕೂಗಿದಳು. ಪರದೆಯ ಮೇಲೆ ದನಿ ಅಳೆಯುವ ಪಟ್ಟಿಯೆಲ್ಲ ಕೆಂಪಾಯಿತು. ಮಾಮ ಮೆಲ್ಲಗೆ ಏನೋ ಹೇಳಿ ಅವಳನ್ನು ಮತ್ತೆ ಕೂರಿಸಿ ಮತ್ತೊಮ್ಮೆ ಹಿಡಿಸಿದರು. ಆಗಲೂ ಕೂಗಿದಳು, ಸ್ವಲ್ಪ ಕಡಿಮೆ, ಅಷ್ಟೇ.

ಮಾತು ಪರದೆಯ ಮೇಲೆ ನೀಲಿ ಗುಡ್ಡಗಳ ಸಾಲಿನಂತೆ ಕಾಣುತ್ತಿತ್ತು. ಮೊದಲು ಎರಡು ಮೂರು ಸಣ್ಣ ದಿಬ್ಬ, ಆಮೇಲೆ ಆಯಿಯ ದೊಡ್ಡ ದೊಡ್ಡ ಗುಡ್ಡ.

"ಈ ಸಣ್ಣದೆಲ್ಲ ನಂದು. ಬೇಡದ್ದು" ಎಂದರು ಮಾಮ. "ಅದ್ನ ಆಯ್ದು ಕೊಯ್ದು ತೆಗಿ ನೋಡ್ವಾ."

ಆಯ್ದೆ, ಕೊಯ್ದೆ. ನನ್ನ ಮೊದಲ ಕತ್ತರಿ ಅದು. ದಿಬ್ಬಗಳು ಮಾಯವಾಗಿ ಗುಡ್ಡ ಮುಂದೆ ಬಂದು ಕೂತವು. ಎಷ್ಟು ಸುಲಭ ಎಂದು ಕುಣಿದಾಡಿದೆ. ಮಾಮ ಚಪ್ಪಾಳೆ ತಟ್ಟಿದರು.

ಅವರು ಹೋದದ್ದು ಮಳೆಗಾಲದ ಆರಂಭದಲ್ಲಿ. ಅಂಕೋಲೆಯಲ್ಲಿ ಯಾರದೋ ಮನೆಗೆ ಪ್ರಿಂಟರ್ ಕೂಡಿಸಲು ಹೋಗಿ, ಒದ್ದೆಯಾಗಿ ಬಂದು, ಜಗುಲಿಯ ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ. ಅವರ ಹೆಂಡತಿ, ನಮ್ಮ ಮಾಮಿ, ಚಾ ಹಿಡಿದುಕೊಂಡು ಬಂದಾಗ ಕಣ್ಣು ಮುಚ್ಚಿಕೊಂಡಿದ್ದರಂತೆ. ಕಣ್ಣುರಿಗೆ ಮುಚ್ಚಿಕೊಂಡಿದ್ದಾರೆಂದು ಮಾಮಿ ಲೋಟ ಹಿಡಿದು ನಿಂತೇ ಇದ್ದರಂತೆ.

ಅವರ ಪಡಸಾಲೆಯಲ್ಲಿ ಒಂದು ಕಂಪ್ಯೂಟರ್ ಇತ್ತು, ಅದು ಆವತ್ತು ಓಡುತ್ತಲೇ ಇತ್ತು. ಆರಿಸಲು ಮಾಮಿ ಯಾರಿಗೂ ಬಿಡಲಿಲ್ಲ. ಆರಿಸಿದರೆ ಅವರದೇನಾದರೂ ಅಳಿಸಿಹೋದೀತು ಎಂಬ ಹೆದರಿಕೆ. ನೆಂಟರಲ್ಲಿ ತಿಳಿದವರೂ ಇದ್ದರು, ಆದರೆ ಸೂತಕದ ಮನೆಯಲ್ಲಿ ಯಾರು ವಾದಿಸುತ್ತಾರೆ? ಆ ಯಂತ್ರದಲ್ಲಿ ಇದ್ದದ್ದು ಮಾಮಿಯದೇ ದನಿ. ಗೋಡೆಯ ಈಚೆಗೆ ಕೂತ ನನಗೆ ಗಂಟೆಗೊಮ್ಮೆ ಕೇಳುತ್ತಿತ್ತು. "ಹೋಯ್, ಸಾಕು ಏಳಿ. ಚಾ ಆಯ್ತು." ಅದೇ ಹೊತ್ತಿಗೆ ಅದೇ ಮಾಮಿ ಒಳಗೆ ಬಿಕ್ಕುತ್ತಿರುವುದೂ ಕೇಳುತ್ತಿತ್ತು. ಒಂದೇ ಗಂಟಲಿನ ಎರಡು ದನಿ. ಆ ದಿನಗಳಲ್ಲಿ ನನಗೆ ಆ ಗೋಡೆಯ ಪಕ್ಕ ಕೂರಲು ಭಯವಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಪಿಂಡ ಇಟ್ಟ ದಿನ ಕಾಗೆ ಬರಲಿಲ್ಲ. ಹಿತ್ತಲ ತೆಂಗಿನ ಬುಡದಲ್ಲಿ ಬಾಳೆಲೆಯ ಮೇಲೆ ಎಲ್ಲ ಇಟ್ಟು, ನಾವೆಲ್ಲ ದೂರ ನಿಂತೆವು. ಮೋಡ ಕವಿದಿತ್ತು. ಕಾಗೆಗಳು ಬೇಲಿಯ ಮೇಲೆ ಸಾಲಾಗಿ ಕೂತಿದ್ದವು, ಇಳಿಯಲಿಲ್ಲ. ಆಸೆ ಏನೋ ಉಳಿದಿದೆ ಎಂದು ಹಿರಿಯರು ಒಬ್ಬೊಬ್ಬರಾಗಿ ಕೈಮುಗಿದು ಮಾತು ಕೊಟ್ಟರು. ಅವಳನ್ನು ಚೆನ್ನಾಗಿ ನೋಡಿಕೊಳ್ಳುತ್ತೇವೆ ಎಂದರು, ಮನೆ ಬಿಡಿಸುವುದಿಲ್ಲ ಎಂದರು. ಊಹೂಂ. ಆಗ ಒಳಗಿನಿಂದ ಬಂತು, "ಹೋಯ್, ಸಾಕು ಏಳಿ. ಚಾ ಆಯ್ತು."

ಎಲ್ಲರೂ ಮನೆಯ ಕಡೆ ತಿರುಗಿದರು. ಮಾಮಿ ನಮ್ಮ ಜೊತೆಗೇ ನಿಂತಿದ್ದರು, ಬಾಯಿ ತೆರೆದಿರಲಿಲ್ಲ. ಅದು ಯಂತ್ರದ ಮಾತು ಎಂದು ಅಲ್ಲಿ ಬಂದ ಬಹಳ ಜನಕ್ಕೆ ಗೊತ್ತಿರಲಿಲ್ಲ. ಮಾಮನ ದೊಡ್ಡಮ್ಮ ಒಬ್ಬರು ಮೊದಲು ಚೇತರಿಸಿಕೊಂಡು, "ಚಾ ಇಡ್ರೇ! ಅವ್ನು ಚಾ ಕುಡೀದೇ ಹೋದ. ಚಾ ಇಡಿ ಮೊದ್ಲು!" ಎಂದು ಕೂಗಿದರು. ಯಾರೋ ಓಡಿ ಹೋಗಿ ಲೋಟದಲ್ಲಿ ಚಾ ತಂದು ಎಲೆಯ ಪಕ್ಕದಲ್ಲಿಟ್ಟರು. ಒಂದು ಕಾಗೆ ಇಳಿಯಿತು.

ನಾನು ಇದನ್ನು ಯಾರಿಗೂ ವಿವರಿಸಲು ಹೋಗಲಿಲ್ಲ. ತಂತ್ರಾಂಶ, ಗಂಟೆ, ನೆನಪಿಸುವುದು... ಯಾಕೆ ಬೇಕು? ಇಂದಿಗೂ ಅವರ ನೆಂಟರಲ್ಲಿ ಆ ಕತೆ ಹಾಗೆಯೇ ಇದೆ. ಆ ದಿನ ನಾನೂ ಕೈಮುಗಿದಿದ್ದೆ ಎನ್ನುವುದನ್ನೂ ಸೇರಿಸಿಬಿಡುತ್ತೇನೆ.

ಅದೇ ಮಳೆಗಾಲದಲ್ಲಿ ಸಿಡಿಲು ಬಡಿದು ನನ್ನ ಕಂಪ್ಯೂಟರೂ ಸತ್ತಿತು. ರಿಪೇರಿಗೆ ಗೋಡೆ ಬಡಿದು ಕರೆಯೋಣವೆಂದರೆ ಮಾಮ ಇಲ್ಲ. ಡಬ್ಬವನ್ನು ಅಟ್ಟಕ್ಕೆ ಏರಿಸಿ ಲ್ಯಾಪ್‌ಟಾಪ್ ಕೊಂಡೆ. ಆಯಿಯ ದನಿಯೂ ಅದರೊಳಗೇ ಹೋಯಿತು. ಆಯಿ ಆಗ ಗಟ್ಟಿಯಾಗಿದ್ದಳು. ಕೂಗಿ ಕರೆಯಲು ಅವಳಿಗೆ ಯಂತ್ರ ಬೇಕಿರಲಿಲ್ಲ.

ಮಳೆ ಕಳೆದ ಮೇಲೆ ಒಂದು ದಿನ ಮಾಮಿ ನನ್ನನ್ನು ಕರೆದರು. "ಅದ್ನ ಸುಮ್ಮಾಗ್ಸೇ ತಂಗಿ. ನಾ ಕರಿಯೂದು, ಅವ್ರು ಬರದೇ ಇರೂದು. ಎಷ್ಟು ಸಲ ಕೇಳೂದು ನಾನು?" ಎಂದರು. ಸುಮ್ಮನಾಗಿಸಿದೆ. ಮನೆಯಲ್ಲಿ ಒಮ್ಮೆಲೇ ಹೆದ್ದಾರಿಯ ಲಾರಿಗಳ ಸದ್ದು ಮಾತ್ರ ಉಳಿಯಿತು. ಮಾಮಿ ಕೈ ಹೊಸೆಯುತ್ತ ಕೇಳಿದರು, "ಅವ್ರದ್ದು ಇಲ್ವೇನೇ? ಊರವ್ರ ದನಿ ಎಲ್ಲ ಹಿಡಿದ್ರಲ... ಅವ್ರದ್ದು ಎಲ್ಲಾದ್ರೂ ಒಂದು ಮಾತು?"

ಇರಲಿಲ್ಲ. ಅವರ ಫೋನು ಬರೀ ಮಾತಾಡುವ ಸಾದಾ ಫೋನು. ಲ್ಯಾಪ್‌ಟಾಪನ್ನು ಉತ್ತರಕ್ರಿಯೆ ಮುಗಿದ ಮೇಲೆ ನೆಂಟರೊಬ್ಬರು ಕೇಳಿ ಒಯ್ದು, ಎಲ್ಲ ಅಳಿಸಿ ಹೊಸದು ಮಾಡಿಕೊಂಡಿದ್ದರು. ಫೋಟೋಗಳಿದ್ದವು, ದನಿ ಇರಲಿಲ್ಲ. ನಮ್ಮ ಮನೆಯ ಕಂಪ್ಯೂಟರಿನಲ್ಲಿ ಇತ್ತು ಮಾಮಿ, ಅವರೇ ಕೊಯ್ಯಿಸಿದರು, ನಾನೇ ಕೊಯ್ದೆ ಎಂದೆ. ಮಾಮಿ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಆದರೂ ಹುಡುಕಿದೆವು. ಮಾಮಿಗೆ ನೆನಪಿದ್ದ ಮನೆಗಳಿಗೆಲ್ಲ ಬಸ್ಸಿನಲ್ಲಿ, ರಿಕ್ಷಾದಲ್ಲಿ ಹೋದೆವು. ಎಲ್ಲಿ ಹೋದರೂ ಕಂಪ್ಯೂಟರ್ ಮಾತಾಡುತ್ತಿತ್ತು, ಆದರೆ ಮನೆಯವರ ದನಿಯಲ್ಲಿ. ಕಾರವಾರದ ಕಡಲ ಬದಿಯಲ್ಲಿ ಮೀನು ಮಾರುವ ಹೆಂಗಸೊಬ್ಬಳು ತನ್ನ ಮಹಿಳಾ ಸಂಘದ ಲೆಕ್ಕವನ್ನು ಮಾಮ ಕಲಿಸಿದ ತಂತ್ರಾಂಶದಲ್ಲೇ ಇಡುತ್ತಿದ್ದಳು. ನಾವು ಕೂತಿದ್ದಂತೆಯೇ ಅದರೊಳಗಿಂದ ಯಾರೋ ಕೊಂಕಣಿಯಲ್ಲಿ ಗದರಿದರು. "ನಮ್ಮತ್ತೆ" ಎಂದಳು ಅವಳು, "ಹೋಗಿ ವರ್ಷ ಆಯ್ತು. ಸತ್ರೂ ಬಯ್ಯೂದು ಬಿಡ್ಲಿಲ್ಲ ನೋಡಿ." ನಗುತ್ತಲೇ ಹೇಳಿದಳು, ಆದರೆ ಆ ದನಿ ತೆಗೆದುಬಿಡಲೇ ಎಂದು ನಾನು ಕೇಳಿದ್ದಕ್ಕೆ ಮೌಸಿನ ಮೇಲೆ ಕೈ ಅಡ್ಡ ಇಟ್ಟಳು. ಮಾಮಿ ಪ್ರತಿ ಮನೆಯಲ್ಲೂ ದನಿ ಮುಗಿಯುವವರೆಗೆ ಕೂತು ಕೇಳಿದರು. ಶುರುವಿಗೋ ಕೊನೆಗೋ ಒಂದು ಕೆಮ್ಮು, ಒಂದು ಹೂಂ ಉಳಿದಿದ್ದೀತು ಎಂದು. ಮಾಮ ಎಲ್ಲೂ ತಮ್ಮನ್ನು ಉಳಿಸಿರಲಿಲ್ಲ. ಅಷ್ಟು ಶುದ್ಧ ಕೆಲಸ. ನನಗೆ ಅವರ ಮೇಲೆ ಸಿಟ್ಟು ಬಂತು.

ಆಮೇಲೆ ಮಾಮಿ ಬಿಣಗಾದ ಮನೆ ಬಿಟ್ಟು ಅಗಸೂರಿನಲ್ಲಿ ತಂಗಿಯ ಮನೆಗೆ ಹೋದರು. ನಮ್ಮ ಅಪ್ಪ ಹೋದ, ಆಯಿ ಹೋದಳು. ಗೋಡೆಯ ಆಚೆಗೆ ಬೇರೆಯವರು ಬಂದರು. ದನಿಯ ಮಾತು ನನ್ನ ಮನಸ್ಸಿನಿಂದಲೂ ದೂರವಾಯಿತು.

ಹೋದ ತಿಂಗಳು ಆಯಿ ಕರೆದಾಗ ಅಡುಗೆಮನೆಯ ಬಾಗಿಲವರೆಗೆ ಹೋದವಳು, ವಾಪಸು ಬಂದು ಆ ದನಿಯ ಕಡತ ಎಲ್ಲಿದೆಯೆಂದು ಹುಡುಕಿದೆ. ಸಿಕ್ಕಿತು. ಅದರ ಪಕ್ಕದಲ್ಲೇ 'ಹಳೇದು' ಎಂಬ ಹೆಸರಿನ ಒಂದು ಫೋಲ್ಡರ್. ನಾನೇ ಇಟ್ಟ ಹೆಸರು. ಮೂಲಕ್ಕೆ ಕತ್ತರಿ ಹಾಕುವುದಲ್ಲ ಎಂದು ಮಾಮ ನೂರು ಸಲ ಹೇಳಿದ್ದರಲ್ಲ, ಆವತ್ತೂ ಹೇಳಿರಬೇಕು, ನಾನು ಹೂಂ ಎಂದು ಪ್ರತಿ ತೆಗೆದಿಟ್ಟು ಆಮೇಲೆ ಕೊಯ್ದಿರಬೇಕು. ಇಷ್ಟು ವರ್ಷ ನನಗೆ ಕೊಯ್ದದ್ದೊಂದೇ ನೆನಪಿತ್ತು, ಎತ್ತಿಟ್ಟದ್ದು ನೆನಪಿರಲಿಲ್ಲ. ಒತ್ತಿದೆ.

ಮೊದಲು ಬರೀ ಸುಯ್ ಎನ್ನುವ ಸದ್ದು. ದೂರದಲ್ಲಿ ಲಾರಿಯ ಹಾರ್ನು. ಒಂದು ಕೆಮ್ಮು. ಆಮೇಲೆ, ಬಹಳ ಸಣ್ಣಕೆ...

"ಒತ್ತಿದ್ಯಾ ತಂಗಿ? ಹ್ಞಾ. ಅಕ್ಕಾ, ಈಗ ಹೇಳಿ. ಕೂಗೂದು ಬೇಡ. ಮಗಳು ಇಲ್ಲೇ ಬಾಜೂಕೆ ಕೂತಾಳೆ."

ಆಮೇಲೆ ಆಯಿಯ ಕೂಗು. ನಾನು ಮೇಜಿಗೆ ತಲೆ ಇಟ್ಟು ಅತ್ತೆ. ಸತ್ತ ಇಬ್ಬರು ನನ್ನನ್ನು ನಡುವೆ ಕೂರಿಸಿಕೊಂಡು ಮಾತಾಡಿದ ಹಾಗಿತ್ತು.

ಮಾರನೆಯ ದಿನವೇ ಲ್ಯಾಪ್‌ಟಾಪಿನಲ್ಲಿ ಅದನ್ನು ತುಂಬಿಕೊಂಡು ಅಂಕೋಲೆ ಬಸ್ಸು ಹತ್ತಿದೆ. ಅಲ್ಲಿಂದ ಅಗಸೂರು. ದಾರಿಯುದ್ದಕ್ಕೂ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು, ಮಾಮಿಗೆ ಹೇಗೆ ಹೇಳಲಿ, ಮೊದಲು ನೀರು ಕುಡಿಸಿ ಹೇಳಲೇ, ಕೂರಿಸಿ ಹೇಳಲೇ ಎಂದು ಯೋಚಿಸುತ್ತಿದ್ದೆ. ಮಾಮಿ ಜಗುಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದರು. "ಮಾಮೀ" ಎಂದೆ. ತಲೆ ಎತ್ತಲಿಲ್ಲ. ಹತ್ತಿರ ಹೋಗಿ ಜೋರಾಗಿ ಕರೆದೆ. ಎತ್ತಲಿಲ್ಲ. ಅವರ ತಂಗಿ ಒಳಗಿನಿಂದ ಬಂದು, "ಅಕ್ಕನ ಕಿವಿ ಹೋಗ್ಬಿಟ್ಟದೆ. ಎರಡು ವರ್ಷ ಆಯ್ತು. ಮುಟ್ಟಿ ಕರೀಬೇಕು" ಎಂದರು.

ನಾನು ಮೆಟ್ಟಿಲಲ್ಲೇ ಕೂತುಬಿಟ್ಟೆ. ಎರಡು ವರ್ಷದ ಹಿಂದೆ ಆ ಡಬ್ಬ ಅಟ್ಟದಲ್ಲೇ ಇತ್ತಲ್ಲ ದೇವರೇ.

ಮಾಮಿ ನನ್ನನ್ನು ನೋಡಿ ಅರಳಿದರು, ಕೆನ್ನೆ ಸವರಿದರು. ನಾನು ಲ್ಯಾಪ್‌ಟಾಪ್ ತೆಗೆದು, ಮಾಮ ಕಲಿಸಿದ ಕನ್ನಡ ಟೈಪಿಂಗಿನಲ್ಲಿ, ಪರದೆಗೆ ಒಂದೇ ಸಾಲು ಹಿಡಿಯುವಷ್ಟು ದೊಡ್ಡ ಅಕ್ಷರದಲ್ಲಿ ಬರೆದೆ: ಮಾಮನ ದನಿ ಸಿಕ್ಕಿತು. ಅವರು ಓದಿದರು. ಮತ್ತೊಮ್ಮೆ ಓದಿದರು. ಹುಣಸೆ ಮೆತ್ತಿದ ಕೈಯನ್ನು ಸೀರೆಗೆ ಒರೆಸಿಕೊಂಡು ಕಿವಿ ಮುಂದೆ ಮಾಡಿದರು.

ಹೆಡ್‌ಫೋನ್ ಹಾಕಿ, ಸದ್ದು ತುದಿಗೆ ಏರಿಸಿ ಬಿಟ್ಟೆ. ಮಾಮಿಯ ಮುಖ ಒಮ್ಮೆಲೇ ಬೆಳಗಿತು. "ನಿನ್ನ ಆಯಿ ಅಲ್ವೇನೇ? ಗಂಜಿ ಆರ್ತದೆ ಅಂದ್ಳು!" ಎಂದು ನಕ್ಕರು. ಆಮೇಲೆ, "ಅವ್ರದ್ದೆಲ್ಲಿ?" ಎಂದರು.

ಆಯಿ ಕೂಗಿದ್ದು ಕೇಳಿತ್ತು. ಮಾಮ ಸಣ್ಣಕೆ ಹೇಳಿದ್ದು ಕೇಳಿರಲಿಲ್ಲ.

ದನಿ ತಿದ್ದುವ ತಂತ್ರಾಂಶ ತೆರೆದು ಮಾಮನ ದಿಬ್ಬಗಳನ್ನು ಆಯ್ದು ಹಿಗ್ಗಿಸಿದೆ. ಹಿಗ್ಗಿಸುವುದನ್ನು ಕಲಿಸಿದ್ದೂ ಅವರೇ. ಮಾಮಿ ಕೇಳಿ, "ಸಮುದ್ರದ ಹಾಂಗೆ ಕೇಳ್ತದೆ" ಎಂದರು. ಇನ್ನೂ ಹಿಗ್ಗಿಸಿದೆ. ಮಾತಿನ ಜೊತೆ ಸುಯ್ ಎನ್ನುವುದೂ ಹಿಗ್ಗಿತು, ಲಾರಿಯೂ ಹಿಗ್ಗಿತು. "ಗರ್ ಅಂತದೆ." ಮತ್ತೂ ಹಿಗ್ಗಿಸಿದೆ. ದಿಬ್ಬಗಳು ಆಯಿಯ ಗುಡ್ಡಕ್ಕಿಂತ ಎತ್ತರವಾಗಿ ಚಪ್ಪಟೆಯಾದವು. ಹೊರಗಡೆಗೂ ಕೇಳುತ್ತಿದ್ದ ಆ ಸದ್ದು ನನಗೇ ಅಸಹ್ಯವಾಯಿತು, ಯಾರೋ ಗಂಟಲು ಹರಿದುಕೊಂಡು ಗದರಿದ ಹಾಗೆ. ಮಾಮಿ ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟರು.

"ಬೇಡ ತಂಗಿ. ಮೊದ್ಲು ಹ್ಯಾಂಗಿತ್ತೋ ಹಾಂಗೇ ಮಾಡು. ಅವ್ರು ಅಷ್ಟು ದೊಡ್ಡ ದನಿ ತೆಗೆದೋರೇ ಅಲ್ಲ. ಇದು ಬೇರೆ ಯಾರೋ ಆಯ್ತು."

ಒಂದೊಂದೇ ಹೆಜ್ಜೆ ಹಿಂದೆ ಹೋಗಿ ಮೊದಲಿನ ಹಾಗೇ ಮಾಡಿದೆ. ಪರದೆಯ ಮೇಲೆ ಮತ್ತೆ ಸಣ್ಣ ನೀಲಿ ದಿಬ್ಬಗಳು. ಅವನ್ನು ಬೆರಳಿನಿಂದ ತೋರಿಸಿದೆ. ಮಾಮಿ ಬಗ್ಗಿ ನೋಡಿದರು. ತಮ್ಮ ಬೆರಳನ್ನು ಅದರ ಮೇಲೆ ಮೆಲ್ಲಗೆ ಈ ತುದಿಯಿಂದ ಆ ತುದಿಗೆ ಎಳೆದರು. "ಹೌದು. ಇಷ್ಟೇ ಇತ್ತು ಅವ್ರ ಮಾತು" ಎಂದರು. ಆಮೇಲೆ, "ಇದ್ನ ಇಲ್ಲಿ ಹಾಕಿ ಹೋಗು. ನಂಗೆ ಕೇಳದೇ ಇದ್ರೂ ಅಡ್ಡಿಲ್ಲ. ಮನೇಲಿ ಇರ್ಲಿ" ಎಂದರು.

ತಂಗಿಯ ಮನೆಯಲ್ಲಿ ಮೊಮ್ಮಕ್ಕಳ ಓದಿಗೆಂದು ತಂದ ಕಂಪ್ಯೂಟರ್ ಒಂದಿತ್ತು. ಅದರ ಮುಂದೆ ಮಾಮಿಯ ತಂಗಿಯನ್ನೇ ಕೂರಿಸಿದೆ. ಅವರು ಮೌಸು ಹಿಡಿದವರಲ್ಲ. ನಾನು ಕುರ್ಚಿಯ ಹಿಂದೆ ನಿಂತೆ, ಕೈಗಳು ತಾವಾಗಿಯೇ ಬೆನ್ನಿಗೆ ಹೋದವು. ಕಣ್ಣಿಗೆ ಬಿಡುವು ಕೊಡಿಸುವ ಅದೇ ತಂತ್ರಾಂಶ ಹುಡುಕಿಸಿದೆ. ಈಗಲೂ ಪುಟದ ತುಂಬ ಹಸಿರು ಗುಂಡಿಗಳು. "ಅದಲ್ಲ ಅಕ್ಕಾ, ಕೂಗ್ತಿರೋದೆಲ್ಲ ಬಿಡಿ. ಮೂಲೇಲಿ ನೋಡಿ" ಎಂದೆ. ಅವರು ಕಣ್ಣು ಕಿರಿದು ಮಾಡಿ ಹುಡುಕಿ ಒತ್ತಿದರು. ಮಾಮನ ಮಾತನ್ನಷ್ಟೇ ಅದಕ್ಕೆ ಜೋಡಿಸಿದೆವು.

ಊಟ ಮುಗಿಸಿ ನಾನು ಹೊರಡುವ ಹೊತ್ತಿಗೆ ಅದು ಮೊದಲ ಸಲ ಮಾತಾಡಿತು. ತಂಗಿ ಪಾತ್ರೆ ತೊಳೆಯುತ್ತಿದ್ದವರು ಹಾಗೇ ನಿಂತರು. ಆಮೇಲೆ ಒದ್ದೆ ಕೈಯಲ್ಲೇ ಜಗುಲಿಗೆ ಬಂದು, ಮತ್ತೆ ಹುಣಸೆಯ ಮುಂದೆ ಕೂತಿದ್ದ ಮಾಮಿಯ ಭುಜ ಮುಟ್ಟಿ, ತುಟಿ ಕಾಣುವ ಹಾಗೆ ಬಿಡಿಸಿ ಬಿಡಿಸಿ ಹೇಳಿದರು.

"ಅಕ್ಕಾ, ಭಾವ ಮಾತಾಡಿದ್ರು."

ಮಾಮಿ ಸೆರಗು ಭುಜಕ್ಕೆ ಎಳೆದುಕೊಂಡರು. "ಎಂತ ಅಂದ್ರು?"

"ಕೂಗೂದು ಬೇಡ ಅಂದ್ರು."

"ಹೌದು" ಎಂದರು ಮಾಮಿ. "ಅದೇ ಅನ್ನೂದು ಅವ್ರು."

ಅಗಸೂರಿನ ಆ ಮನೆಯಲ್ಲಿ ಈಗಲೂ ಕಂಪ್ಯೂಟರ್ ಓಡಿದಾಗಲೆಲ್ಲ ತಂಗಿ ಬಂದು ಭುಜ ಮುಟ್ಟುತ್ತಾರಂತೆ. ಮಾಮಿ ಕೆಲಸ ನಿಲ್ಲಿಸಿ, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂರುತ್ತಾರಂತೆ. ಮಾಮ ಆ ತಂತ್ರಾಂಶ ಹಾಕಿಸುತ್ತಿದ್ದದ್ದೂ ಅದಕ್ಕೇ.

ನಾನು ಹಳೆಯ ಡಬ್ಬವನ್ನು ಗುಜರಿಗೆ ಕೊಡಲಿಲ್ಲ. ಇದನ್ನು ಬರೆಯುತ್ತಿರುವುದೂ ಅದರ ಮೇಲೆಯೇ. ಎಷ್ಟು ದಿನ ಓಡುತ್ತದೋ ಗೊತ್ತಿಲ್ಲ, ವಾಸನೆ ದಿನಕ್ಕೆ ದಿನ ಜಾಸ್ತಿಯಾಗುತ್ತಿದೆ. ಪ್ರತಿ ತೆಗೆದಿಟ್ಟಿದ್ದೇನೆ, ಒಂದಲ್ಲ, ಮೂರು ಕಡೆ. ನಾನು ಆವತ್ತು ಕೊಯ್ದ ಭಾಗವನ್ನು ಅದರ ಜಾಗಕ್ಕೆ ಮತ್ತೆ ಜೋಡಿಸಿದ್ದೇನೆ. ಈಗ ಗಂಟೆಗೊಮ್ಮೆ ಮೊದಲು ಕೆಮ್ಮು ಬರುತ್ತದೆ. ಆಮೇಲೆ, ಮಗಳು ಇಲ್ಲೇ ಬಾಜೂಕೆ ಕೂತಾಳೆ ಎಂದು ಮಾಮ ಸಣ್ಣಕೆ ಹೇಳುತ್ತಾರೆ. ಆಯಿ ಅದನ್ನು ಕೇಳಿಸಿಕೊಳ್ಳದೆ, ಗದ್ದೆಯ ಆ ಒಡ್ಡಿನಲ್ಲಿ ನಾನಿರುವ ಹಾಗೆ ಕೂಗುತ್ತಾಳೆ.

ಈಗಷ್ಟೇ ಕೂಗಿದಳು. ಇಬ್ಬರೂ ಇಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಬಂದೆ ಎಂದು ಏಳುತ್ತೇನೆ. ಒಲೆ ತಣ್ಣಗಿರುತ್ತದೆ. ಗಂಜಿಗೆ ಅಕ್ಕಿ ನಾನೇ ತೊಳೆದು ಹಾಕಬೇಕು.